ಬರೀ ಅರ್ಧ ಗಂಟೆ ತಡ ಆಗುತ್ತೆ ಅಂತ ಕೋನನ್ ಓಬ್ರಯನ್ ಟುನೈಟ್ ಶೋ ಬಿಟ್ಟಿದ್ದು ಸರಿಯಾ?

ಕಲ್ಪತರು_ನಾಡು

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಇರುವವರು, ಅದರಲ್ಲೂ 2010ರಲ್ಲಿ ಅಲ್ಲಿ ಇದ್ದವರು ಯಾರಾದರೂ ಉತ್ತರ ಕೊಟ್ಟರೆ ಒಳ್ಳೇದು.

ಅಮೆರಿಕದ ಹಾಸ್ಯಗಾರ, ಟಿವಿ ನಿರೂಪಕ ಕೋನನ್ ಓಬ್ರಯನ್ ನನಗೆ ಗೊತ್ತಾಗಿದ್ದೇ ಯೂಟ್ಯೂಬಿನಲ್ಲಿ. ಮೊದಲು ದೇಶ ದೇಶ ಸುತ್ತುವ ವಿಡಿಯೋಗಳು, ಆಮೇಲೆ ಪಾಡ್‌ಕಾಸ್ಟ್. ಈಗ ರಾತ್ರಿ ಊಟ ಆದ ಮೇಲೆ ಅವರ ಒಂದು ವಿಡಿಯೋ ನೋಡದೆ ಮಲಗಲ್ಲ ಅನ್ನುವ ಹಾಗಾಗಿದೆ. 2025ರ ಜುಲೈನಲ್ಲಿ ಸ್ಟೀಫನ್ ಕೋಲ್ಬೇರ್ ಅವರ ರಾತ್ರಿ ಟಾಕ್ ಶೋ ನಿಲ್ಲಿಸ್ತೀವಿ ಅಂತ ಸಿಬಿಎಸ್ ಚಾನೆಲ್ ಹೇಳಿತಲ್ಲ, ಆಗ ಎಲ್ಲ ಕಡೆ 'ಕೋನನ್‌ಗೆ ಮಾಡಿದ್ದೂ ಹೀಗೇ' ಅಂತ ಬರೆದರು. ನಾನು ಹುಡುಕಿ ಓದಿದೆ. ಎನ್‌ಬಿಸಿ ಚಾನೆಲ್‌ನ ರಾತ್ರಿ ಟಾಕ್ ಶೋ ಆದ ಟುನೈಟ್ ಶೋ 2009ರ ಜೂನ್ 1ಕ್ಕೆ ಇವರ ಕೈಗೆ ಬಂತು, 2010ರ ಜನವರಿ 22ಕ್ಕೆ ಹೋಯಿತು. ಎಂಟು ತಿಂಗಳೂ ತುಂಬಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಚಾನೆಲ್‌ನವರು ಇವರನ್ನು ಕೆಲಸದಿಂದ ತೆಗೆದಿರಲಿಲ್ಲ. ಶೋ ನಿಮ್ಮದೇ, ಹೆಸರೂ ಅದೇ, 11:35ರ ಬದಲು 12:05ಕ್ಕೆ ಶುರು ಮಾಡಿ ಅಂದರು. ಅದಕ್ಕೆ ಇಷ್ಟು ದೊಡ್ಡ ರಾದ್ಧಾಂತ ಯಾಕೆ? ನಮ್ಮಪ್ಪ ಫ್ಯಾಕ್ಟರಿಯಲ್ಲಿ ಇದ್ದಾಗ ಶಿಫ್ಟ್ ಬದಲಾದರೆ ಬೋರ್ಡ್ ಮೇಲೆ ಚೀಟಿ ಅಂಟಿಸುತ್ತಿದ್ದರು, ಅಷ್ಟೇ, ಯಾರೂ ನಿಮ್ಮ ಅಭಿಪ್ರಾಯ ಏನು ಅಂತ ಕೇಳುತ್ತಿರಲಿಲ್ಲ. ಇವರಿಗೆ ಹೋಗುವಾಗ ಒಟ್ಟು 45 ಮಿಲಿಯನ್ ಡಾಲರ್ ಪರಿಹಾರದ ಒಪ್ಪಂದ ಬೇರೆ. ನನಗೆ ಕೋನನ್ ಅಂದರೆ ಪ್ರಾಣ, ಆದರೂ ಇದು ಗಂಟಲಲ್ಲಿ ಇಳಿಯುತ್ತಿಲ್ಲ. ಅನ್ಯಾಯ ಆಗಿದ್ದು ನಿಜಾನಾ, ಅಥವಾ ಅಭಿಮಾನಿಗಳು ಜಾಸ್ತಿ ಮಾಡಿ ಹೇಳ್ತಾ ಇದ್ದಾರಾ?

ಬಾಸ್ಟನ್_ಕನ್ನಡತಿ

ನಾನು ಆಗ ಇಲ್ಲೇ ಇದ್ದೆ, ದಿನಾ ನೋಡುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ಜನವರಿ 2010ರಿಂದ ಶುರು ಮಾಡಿದರೆ ಈ ಕಥೆ ಅರ್ಥವೇ ಆಗಲ್ಲ.

2004ಕ್ಕೆ ಹೋಗಿ. ಆಗ ಟುನೈಟ್ ಶೋ ಜೇ ಲೆನೋ ಕೈಯಲ್ಲಿತ್ತು. ಅದರ ಹಿಂದೆಯೇ ಬರುವ 'ಲೇಟ್ ನೈಟ್' ಶೋವನ್ನು ಕೋನನ್ 1993ರಿಂದ ನಡೆಸಿಕೊಂಡು ಬಂದಿದ್ದರು. ಇಷ್ಟು ವರ್ಷ ಆಯಿತು, ಇವರು ಬೇರೆ ಚಾನೆಲ್‌ಗೆ ಹಾರಿಬಿಡಬಹುದು ಅಂತ ಎನ್‌ಬಿಸಿಗೆ ಭಯ. ಅದಕ್ಕೆ ಆ ಸೆಪ್ಟೆಂಬರ್‌ನಲ್ಲೇ ಘೋಷಣೆ ಮಾಡಿಬಿಟ್ಟರು, 2009ಕ್ಕೆ ಲೆನೋ ಇಳಿಯುತ್ತಾರೆ, ಕೋನನ್ ಬರುತ್ತಾರೆ ಅಂತ. ಐದು ವರ್ಷ ಮುಂಚೆ! ಒಬ್ಬರಿಗೆ ಐದು ವರ್ಷದ ಆಸೆ, ಇನ್ನೊಬ್ಬರಿಗೆ ಐದು ವರ್ಷದ ನೋಟಿಸು, ಎರಡೂ ಒಂದೇ ದಿನ.

ಸರಿ, 2009 ಬಂತು. ಈಗ ಚಾನೆಲ್‌ಗೆ ಎರಡನೇ ಭಯ: ಲೆನೋ ಎದುರಾಳಿ ಚಾನೆಲ್‌ಗೆ ಹೋದರೆ? ಅವರನ್ನೂ ಬಿಡಬಾರದು ಅಂತ ರಾತ್ರಿ 10 ಗಂಟೆಗೆ, ವಾರಕ್ಕೆ ಐದು ದಿನ ಒಂದು ಹೊಸ ಶೋ ಕೊಟ್ಟರು. 10 ಗಂಟೆ ಅಂದರೆ ದೊಡ್ಡ ದೊಡ್ಡ ಧಾರಾವಾಹಿಗಳ ಜಾಗ. ಧಾರಾವಾಹಿಗೆ ಆಗುವ ಖರ್ಚಿಗೆ ಹೋಲಿಸಿದರೆ ಟಾಕ್ ಶೋ ತುಂಬಾ ಅಗ್ಗ, ಅದೂ ಒಂದು ಲೆಕ್ಕ.

ಇಲ್ಲಿಂದ ಮುಂದಿನದ್ದು ಗೊತ್ತಾಗಬೇಕಾದರೆ ಇಲ್ಲಿನ ಟಿವಿ ಹೇಗೆ ನಡೆಯುತ್ತೆ ಅಂತ ತಿಳಿದಿರಬೇಕು. ಎನ್‌ಬಿಸಿ ಅಂದರೆ ಒಂದೇ ಸ್ಟೇಷನ್ ಅಲ್ಲ. ಒಂದೊಂದು ಊರಿಗೆ ಒಂದೊಂದು ಸ್ಥಳೀಯ ಸ್ಟೇಷನ್, ಬಹಳಷ್ಟು ಬೇರೆ ಬೇರೆ ಮಾಲೀಕರದ್ದು. ಅವರು ಎನ್‌ಬಿಸಿಯ ಕಾರ್ಯಕ್ರಮ ಹಾಕುತ್ತಾರೆ, ರಾತ್ರಿ 11ಕ್ಕೆ ತಮ್ಮ ಊರಿನ ಸುದ್ದಿ ಹಾಕುತ್ತಾರೆ. ಆ 11ರ ಸುದ್ದಿಯ ಜಾಹೀರಾತೇ ಅವರ ಅನ್ನ. 10 ಗಂಟೆಯ ಕಾರ್ಯಕ್ರಮ ನೋಡಿ ಕೂತವರೇ ತಾನೇ ಎದ್ದು ಹೋಗದೆ 11ರ ಸುದ್ದಿ ನೋಡೋದು? ನಮ್ಮ ಬಾಸ್ಟನ್ನಿನ ಡಬ್ಲ್ಯೂಎಚ್‌ಡಿಎಚ್ ಸ್ಟೇಷನ್ನಿನವರು 2009ರ ಏಪ್ರಿಲ್‌ನಲ್ಲೇ ಲೆನೋ ಶೋ ಹಾಕಲ್ಲ, ಆ ಹೊತ್ತಿಗೆ ನಮ್ಮದೇ ಸುದ್ದಿ ಹಾಕ್ತೀವಿ ಅಂದಿದ್ದರು. ನಿಮ್ಮ ಜೊತೆಗಿನ ಒಪ್ಪಂದವನ್ನೇ ಮುರಿಯುತ್ತೇವೆ ಅಂತ ಎನ್‌ಬಿಸಿ ಹೆದರಿಸಿದ ಮೇಲೆ ಸುಮ್ಮನಾದರು. ಶೋ ಶುರುವಾಗೋಕೆ ಐದು ತಿಂಗಳು ಮೊದಲೇ ಹೀಗೆ. ಸೆಪ್ಟೆಂಬರ್ 14ಕ್ಕೆ ಶುರುವಾಯಿತು, ಡಿಸೆಂಬರ್ ಹೊತ್ತಿಗೆ ಎಷ್ಟೋ ಊರಿನ ಸ್ಟೇಷನ್‌ಗಳು ಕೂಗಾಡೋಕೆ ಶುರು ಮಾಡಿದವು. ಸುದ್ದಿ ನೋಡುವವರು ಕಡಿಮೆಯಾದರು, ಸುದ್ದಿ ನೋಡದವರು ಅದರ ಹಿಂದೆ ಬರುವ ಕೋನನ್‌ನೂ ನೋಡಲಿಲ್ಲ.

ಅಂದರೆ ಕೆಟ್ಟಿದ್ದು 10 ಗಂಟೆಯ ಶೋ. ಅದಕ್ಕೆ ಬೆಲೆ ತೆರಬೇಕಾಗಿ ಬಂದಿದ್ದು 11:35ರವರು. ಎನ್‌ಬಿಸಿಯ ಹೊಸ ಪ್ಲಾನ್ ಹೀಗಿತ್ತು: ಲೆನೋಗೆ 11:35ಕ್ಕೆ ಅರ್ಧ ಗಂಟೆ, ಕೋನನ್‌ಗೆ 12:05, ಕೋನನ್ ಬಿಟ್ಟ 'ಲೇಟ್ ನೈಟ್' ನಡೆಸುತ್ತಿದ್ದ ಜಿಮ್ಮಿ ಫ್ಯಾಲನ್‌ಗೆ 1:05. ಕೋನನ್ ಜನವರಿ 12ಕ್ಕೆ ಹೊರಡಿಸಿದ ಹೇಳಿಕೆಯನ್ನು ದಯವಿಟ್ಟು ಪೂರ್ತಿ ಓದಿ. 'ಭೂಮಿಯ ಜನರೇ' ಅಂತ ಶುರುವಾಗುತ್ತೆ, ಆದರೆ ಒಳಗೆ ಇರೋದು ತುಂಬಾ ನೇರ ಮಾತು. ಸುಮಾರು ಅರವತ್ತು ವರ್ಷದಿಂದ ರಾತ್ರಿ ಸುದ್ದಿ ಮುಗಿದ ತಕ್ಷಣ ಬರುವ ಕಾರ್ಯಕ್ರಮ ಇದು, ಅದನ್ನು ಮರುದಿನಕ್ಕೆ ತಳ್ಳಿ ಇನ್ನೊಂದು ಹಾಸ್ಯದ ಕಾರ್ಯಕ್ರಮಕ್ಕೆ ಜಾಗ ಮಾಡಿಕೊಟ್ಟರೆ ಅದು ಹಾಳಾಗುತ್ತೆ, ಅದರಲ್ಲಿ ನಾನು ಭಾಗಿಯಾಗಲಾರೆ ಅಂದರು. ಫ್ಯಾಲನ್‌ಗೂ ಅನ್ಯಾಯ ಅಂದರು. ನನ್ನ ಪ್ರಕಾರ ಅವರು ಮಾಡಿದ್ದು ನೂರಕ್ಕೆ ನೂರು ಸರಿ.

ಮಂಡ್ಯ_ಟು_ಶಿಕಾಗೋ

ಮೇಡಂ ಬರೆದಿರೋದು ಎಲ್ಲ ನಿಜ, ಆದರೆ ಅರ್ಧ ಕಥೆ. ನಾನು ಲೆನೋ ಪರ ಅಂತ ಮೊದಲೇ ಹೇಳಿಬಿಡುತ್ತೇನೆ, ಇಂಟರ್ನೆಟ್ಟಲ್ಲಿ ಆ ಮನುಷ್ಯನ ಪರ ಮಾತಾಡೋರು ಸಿಗೋದೇ ಅಪರೂಪ.

ಲೆನೋ 1992ರಲ್ಲಿ ಜಾನಿ ಕಾರ್ಸನ್ ಜಾಗಕ್ಕೆ ಬಂದವರು. ಶುರುವಿನಲ್ಲಿ ಅದೇ ಹೊತ್ತಿಗೆ ಸಿಬಿಎಸ್‌ನಲ್ಲಿ ಶೋ ಮಾಡುತ್ತಿದ್ದ ಡೇವಿಡ್ ಲೆಟರ್‌ಮನ್ ಮುಂದೆ ಏಟು ತಿಂದರು. 1995ರ ಜುಲೈನಲ್ಲಿ ನಟ ಹ್ಯೂ ಗ್ರಾಂಟ್ ಸಂದರ್ಶನದಿಂದ ಗಾಳಿ ತಿರುಗಿತು, ಆಮೇಲೆ ಹೆಚ್ಚು ಕಡಿಮೆ ಬಿಡುವ ದಿನದವರೆಗೂ ಅವರೇ ನಂಬರ್ ಒನ್. ಹಾಗೆ ಗೆಲ್ಲುತ್ತಾ ಇದ್ದವರನ್ನು 2004ರಲ್ಲಿ ಕರೆದು, ನೀನು ಐದು ವರ್ಷದಲ್ಲಿ ಎದ್ದು ಹೋಗು ಅಂದರು. ಅವರು ಒಂದು ಮಾತು ಆಡದೆ ಒಪ್ಪಿಕೊಂಡರು. ಅದು ಅನ್ಯಾಯ ಅಲ್ವಾ? ಆಗ ಯಾರಾದರೂ ಪೋಸ್ಟರ್ ಹಿಡಿದು ಬೀದಿಗೆ ಬಂದರಾ?

ಎರಡನೇದು, ಕೋನನ್ ಬಂದ ಮೇಲೆ ಒಟ್ಟು ನೋಡುಗರ ಲೆಕ್ಕದಲ್ಲಿ ಲೆಟರ್‌ಮನ್ ಮುಂದೆ ಹೋದರು. ಅಷ್ಟು ವರ್ಷದ ಮೇಲೆ ಟುನೈಟ್ ಶೋ ಎರಡನೇ ಸ್ಥಾನಕ್ಕೆ ಬಂತು. ಸುದ್ದಿ ನೋಡೋರು ಕಡಿಮೆಯಾಗಿದ್ದು ಒಂದು ಕಾರಣ ಇರಬಹುದು, ಆದರೆ ಲೆನೋ ಅವರ 10 ಗಂಟೆಯ ಶೋ ಸೆಪ್ಟೆಂಬರ್‌ನಲ್ಲಿ ಬಂತು, ಜೂನ್‌ನಿಂದ ಆಗಸ್ಟ್‌ವರೆಗೆ ಇರಲೇ ಇಲ್ಲವಲ್ಲ. ಆಗಲೇ ಲೆಟರ್‌ಮನ್ ಮುಂದೆ ಹೋಗಲು ಶುರು ಮಾಡಿಯಾಗಿತ್ತು.

ಇನ್ನು ಆ 'ಮರುದಿನ'ದ ವಾದ. ಇದು ಪೂರ್ವ ಕರಾವಳಿಯವರ ವಾದ. ನಾನಿರುವ ಶಿಕಾಗೋದಲ್ಲಿ ರಾತ್ರಿ ಸುದ್ದಿ 10ಕ್ಕೆ, ಟುನೈಟ್ ಶೋ 10:35ಕ್ಕೆ. ಹೊಸ ಲೆಕ್ಕದಲ್ಲಿ ನಮಗೆ 11:05 ಆಗುತ್ತಿತ್ತು. ಇಲ್ಲಿಂದ ಟೆಕ್ಸಸ್‌ವರೆಗೆ ದೇಶದ ಮಧ್ಯಭಾಗದಲ್ಲಿ ಇರೋ ಯಾರಿಗೂ ದಿನಾಂಕ ಬದಲಾಗುತ್ತಲೇ ಇರಲಿಲ್ಲ. ಕರಾರಿನಲ್ಲಿ ಕೂಡ 11:35 ಅನ್ನೋ ಸಮಯವನ್ನು ಬರೆಸಿಕೊಂಡಿರಲಿಲ್ಲ ಅಂತ ಆಗ ಪತ್ರಿಕೆಗಳಲ್ಲಿ ಬಂತು. ಐದು ವರ್ಷ ಕಾದ ಕೆಲಸಕ್ಕೆ ವಕೀಲರನ್ನು ಇಟ್ಟುಕೊಂಡವರು ಸಮಯವನ್ನು ಬರೆಸಬೇಕಿತ್ತು.

ನಾನಾಗಿದ್ದರೆ 12:05ಕ್ಕೆ ಆರು ತಿಂಗಳು ಮಾಡುತ್ತಿದ್ದೆ. ಲೆನೋ ಅವರ ಅರ್ಧ ಗಂಟೆ ಅಷ್ಟರಲ್ಲಿ ತಾನಾಗೇ ಬಿದ್ದುಹೋಗುತ್ತಿತ್ತು.

ಎಡಿಟ್_ರೂಮ್

ನಾನು ಈ ಜಗಳವನ್ನು ನೋಡಿದ್ದು ಬೇರೆ ಕಡೆಯಿಂದ, ಅದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಟಿವಿ ಕಾರ್ಯಕ್ರಮಗಳಿಗೆ ಎಡಿಟಿಂಗ್ ಮಾಡಿಕೊಂಡು ಬಂದವನು ನಾನು. ಒಮ್ಮೆ ನಾವು ಮಾಡುತ್ತಿದ್ದ ಮಾತುಕತೆಯ ಕಾರ್ಯಕ್ರಮದ ನಿರೂಪಕರಿಗೂ ಚಾನೆಲ್‌ಗೂ ಹೊಂದದೆ ಶೋ ನಿಂತಿತು. ಶುಕ್ರವಾರ ಸಂಜೆ. ಮುಂದಿನ ವಾರದ ಎಪಿಸೋಡ್ ಅರ್ಧ ಕಟ್ ಆಗಿ ಟೈಮ್‌ಲೈನ್ ಮೇಲೆ ಕೂತಿದೆ, ಒಂದು ಕಡೆ ಅತಿಥಿ ನಗುತ್ತಿರುವ ಶಾಟ್‌ಗೆ ಆಡಿಯೋ ಸಿಂಕ್ ಮಾಡ್ತಾ ಇದ್ದೆ. ಪ್ರೊಡಕ್ಷನ್ ಮ್ಯಾನೇಜರ್ ಬಾಗಿಲಲ್ಲೇ ನಿಂತು ಹಾರ್ಡ್ ಡಿಸ್ಕ್ ತೆಗೆದುಕೊಡಿ ಅಂದರು. ಅಷ್ಟೇ. ನಿರೂಪಕರ ಫೋಟೋ ಮಾರನೇ ದಿನ ಎಲ್ಲ ಪೇಪರಲ್ಲೂ ಬಂತು. ಲೈಟ್ ಬಾಯ್‌ಗಳು, ಮೇಕಪ್‌ನವರು, ಬರಹಗಾರರು, ಸ್ಟುಡಿಯೋದಲ್ಲಿ ಚಪ್ಪಾಳೆಗೆ ಜನ ಕರೆದುಕೊಂಡು ಬರುತ್ತಿದ್ದ ಹುಡುಗ, ಇವರ ಬಾಕಿ ಏನಾಯಿತು ಅಂತ ಒಬ್ಬರೂ ಕೇಳಲಿಲ್ಲ.

ಹಾಗಾಗಿ ಕೋನನ್ ವಿಷಯದಲ್ಲಿ ನಾನು ಮೊದಲು ನೋಡಿದ್ದು ಅದನ್ನೇ. ಲೇಟ್ ನೈಟ್ ನ್ಯೂಯಾರ್ಕಿನ ಶೋ. ಟುನೈಟ್ ಶೋ ಸಿಕ್ಕಿತು ಅಂತ ಅಲ್ಲಿನ ಎಷ್ಟೋ ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲಾಸ್ ಏಂಜಲೀಸ್‌ಗೆ ಹೋದರು, ದೇಶದ ಆ ತುದಿಯಿಂದ ಈ ತುದಿಗೆ. ಮಕ್ಕಳ ಶಾಲೆ, ಮನೆ, ಎಲ್ಲ ಬದಲು. ಯೂನಿವರ್ಸಲ್ ಸಿಟಿಯಲ್ಲಿ ಹೊಸ ಸ್ಟುಡಿಯೋ. ಎಂಟು ತಿಂಗಳಿಗೆ ಸುಮಾರು 200 ಜನರ ಕೆಲಸ ಹೋಯಿತು. ಆ 45 ಮಿಲಿಯನ್ ಅಂತ ಹೇಳ್ತೀರಲ್ಲ, ಅದರಲ್ಲಿ ಕೋನನ್‌ಗೆ ಸುಮಾರು 33, ಉಳಿದ ಸುಮಾರು 12 ಮಿಲಿಯನ್ ಸಿಬ್ಬಂದಿಗೆ. ಒಪ್ಪಂದ ಕೊನೆಯಲ್ಲಿ ಎಳೆದಾಡಿದ್ದೂ ಈ ಸಿಬ್ಬಂದಿಯ ದುಡ್ಡಿನ ಮೇಲೇ. 2007ರ ಬರಹಗಾರರ ಮುಷ್ಕರದಲ್ಲಿ ಶೋ ನಿಂತಾಗಲೂ ಉಳಿದ ಸಿಬ್ಬಂದಿಗೆ ಈ ಮನುಷ್ಯ ಕೈಯಿಂದ ಸಂಬಳ ಕೊಟ್ಟವರು.

ಕಲ್ಪತರು ಅವರೇ, ನಿಮ್ಮ ತಂದೆಯವರ ಶಿಫ್ಟ್ ಮಾತು ನನಗೆ ಮುಟ್ಟಿತು. ಆದರೆ ಇಲ್ಲಿ ಶಿಫ್ಟ್ ಬದಲಾಗಿ ಸುಮ್ಮನೆ ಒಪ್ಪಿಕೊಂಡಿದ್ದರೂ ಆ 200 ಜನರ ಗತಿ ಅದೇ ಆಗುತ್ತಿತ್ತು, ವರ್ಷದೊಳಗೆ ನೋಡುಗರಿಲ್ಲ ಅಂತ ಮುಚ್ಚುತ್ತಿದ್ದರು, ಆಗ ಪರಿಹಾರ ಎಲ್ಲಿಂದ? ಹೆಸರು ಇರುವಾಗ, ಜನ ಜೊತೆಗಿರುವಾಗ, ಚಾನೆಲ್‌ಗೆ ಅವಮಾನ ಆಗುತ್ತಿರುವಾಗ ಕೂತು ಮಾತಾಡಿದ್ದಕ್ಕೆ ಅಷ್ಟಾದರೂ ಬಂತು.

ಕಲ್ಪತರು_ನಾಡು

ಅಣ್ಣ, ಸಿಬ್ಬಂದಿ ವಿಷಯ ನಾನು ಎಲ್ಲೂ ಓದಿರಲಿಲ್ಲ, ಥ್ಯಾಂಕ್ಸ್. ಇನ್ನೊಂದು ಕೇಳಬೇಕು. ಕೊನೆಯ ಎರಡು ವಾರ ಅದೇ ಚಾನೆಲ್‌ನ ಸ್ಟುಡಿಯೋದಲ್ಲಿ ಕೂತು, ಅದೇ ಚಾನೆಲ್‌ನ ದುಡ್ಡಲ್ಲಿ, ಅದೇ ಚಾನೆಲ್ ಅನ್ನು ಬೈದರಂತೆ. ಒಂದು ಕಾರಿನ ಕಥೆ ಓದಿದೆ, ಒಂದೂವರೆ ಮಿಲಿಯನ್ ಡಾಲರ್ ಬೇಕಂತಲೇ ಖರ್ಚು ಮಾಡಿಸಿದರು ಅಂತ. ಅದು ಸರಿಯಾ?

ಮಂಡ್ಯ_ಟು_ಶಿಕಾಗೋ

ಸರಿಯಲ್ಲ. ನನಗೆ ಆಗಲೂ ಬೇಜಾರಾಗಿತ್ತು. ಹೈಟಿಯಲ್ಲಿ ಜನವರಿ 12ಕ್ಕೆ ಭೂಕಂಪ ಆಗಿ ಊರಿಗೆ ಊರೇ ಹೋಗಿತ್ತು. ಅದೇ ವಾರಗಳಲ್ಲಿ ಇಲ್ಲಿ ಇಬ್ಬರು ಕೋಟ್ಯಧಿಪತಿಗಳ ಕುರ್ಚಿ ಜಗಳ ಪ್ರತಿ ರಾತ್ರಿ ಪ್ರತಿ ಚಾನೆಲ್ಲಲ್ಲಿ.

ಬಾಸ್ಟನ್_ಕನ್ನಡತಿ

ಕಾರಿನ ವಿಷಯ ಸ್ಪಷ್ಟ ಮಾಡಬೇಕು, ಹದಿನೈದು ವರ್ಷದ ಮೇಲೂ ಜನ ಇದನ್ನು ನಿಜ ಅಂತ ಹೇಳ್ತಾರೆ. ಬುಗಾಟಿ ವೇರಾನ್ ಕಾರು. ಅದಕ್ಕೆ ಇಲಿಯ ಹಾಗೆ ಕಿವಿ, ಮೀಸೆ ಅಂಟಿಸಿ ವೇದಿಕೆಗೆ ತಂದರು, ಹಿಂದೆ ರೋಲಿಂಗ್ ಸ್ಟೋನ್ಸ್ ಹಾಡು ಹಾಕಿದರು, ಇದಕ್ಕೆಲ್ಲ ಎನ್‌ಬಿಸಿಗೆ ಒಂದೂವರೆ ಮಿಲಿಯನ್ ಅಂದರು. ತಮಾಷೆ ಅದು. ಕಾರು ಮ್ಯೂಸಿಯಂನಿಂದ ಎರವಲು ತಂದಿದ್ದು. ಇದು ಬರೀ ಹಾಸ್ಯ ಅಂತ ಆಮೇಲೆ ಅವರೇ ಹೇಳಿದರು.

ಬೈದಿದ್ದು ನಿಜ, ಪ್ರತಿ ರಾತ್ರಿ ಬೈದರು. ಆದರೆ ಅವರೊಬ್ಬರೇ ಅಲ್ಲ. ಲೆಟರ್‌ಮನ್‌ಗೆ ಹಬ್ಬ, ಯಾಕಂದ್ರೆ 1992ರಲ್ಲಿ ಇದೇ ಎನ್‌ಬಿಸಿ ಇದೇ ಕುರ್ಚಿಯನ್ನು ತಮಗೆ ತಪ್ಪಿಸಿ ಲೆನೋಗೆ ಕೊಟ್ಟಿತ್ತು. ಎಬಿಸಿ ಚಾನೆಲ್‌ನಲ್ಲಿ ಟಾಕ್ ಶೋ ಮಾಡುವ ಜಿಮ್ಮಿ ಕಿಮ್ಮೆಲ್ ಒಂದು ರಾತ್ರಿ ಪೂರ್ತಿ ಶೋವನ್ನು ಲೆನೋ ವೇಷದಲ್ಲಿ ಮಾಡಿದರು. ಎರಡು ದಿನದ ಮೇಲೆ ಲೆನೋ ಶೋಗೇ ವಿಡಿಯೋದಲ್ಲಿ ಅತಿಥಿಯಾಗಿ ಬಂದರು. ನೀನು ಮಾಡಿದ ಅತಿ ದೊಡ್ಡ ಕೀಟಲೆ ಯಾವುದು ಅಂತ ಲೆನೋ ಕೇಳಿದರು. ಒಬ್ಬರಿಗೆ ಐದು ವರ್ಷ ಆದಮೇಲೆ ನನ್ನ ಶೋ ಕೊಡ್ತೀನಿ ಅಂದೆ, ಐದು ವರ್ಷ ಆದಮೇಲೆ ಕೊಟ್ಟೆ, ತಕ್ಷಣ ವಾಪಸ್ ಕಿತ್ತುಕೊಂಡೆ ಅಂತ ಕಿಮ್ಮೆಲ್ ಮುಖದ ಮೇಲೇ ಹೇಳಿದರು. ಲೆನೋ ಮುಂದಿನ ಪ್ರಶ್ನೆಗೆ ಹೋದರು. ಆ ಕ್ಲಿಪ್ ಹುಡುಕಿ ನೋಡಿ, ಲೆನೋ ಮುಖ ನೋಡಿ.

ಇನ್ನು ಎನ್‌ಬಿಸಿ ಕೂಡ ಸುಮ್ಮನೆ ಕೂತಿರಲಿಲ್ಲ. ಅವರ ಕ್ರೀಡಾ ವಿಭಾಗದ ಮುಖ್ಯಸ್ಥ ಡಿಕ್ ಎಬರ್ಸೋಲ್ ಪತ್ರಿಕೆಗೆ ಕೋನನ್ ದೊಡ್ಡ ಸೋಲು ಅಂತ ಹೇಳಿಕೆ ಕೊಟ್ಟರು. ಬೀದಿ ಜಗಳಕ್ಕೆ ಇಳಿದಿದ್ದು ಎರಡೂ ಕಡೆಯವರು.

ಆದರೆ ಕೊನೆಯ ದಿನ, ಜನವರಿ 22, ನಾನು ನೋಡಿದ್ದೇ ಬೇರೆ. ಟಾಮ್ ಹ್ಯಾಂಕ್ಸ್ ಬಂದರು, ನೀಲ್ ಯಂಗ್ ಹಾಡಿದರು. ಕೋನನ್ ಕ್ಯಾಮೆರಾ ನೋಡಿ ಎನ್‌ಬಿಸಿಗೆ ಧನ್ಯವಾದ ಹೇಳಿದರು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಈ ಕಂಪನಿಯಲ್ಲಿ ಕೆಲಸ ಮಾಡಿದೆ, ಈಗ ಭಿನ್ನಾಭಿಪ್ರಾಯ ಇದೆ ನಿಜ, ಆದರೆ ಇದೇ ನನ್ನ ಮನೆ ಆಗಿತ್ತು ಅಂದರು. ಆಮೇಲೆ ತಮ್ಮನ್ನು ನೋಡುವ ಹುಡುಗ ಹುಡುಗಿಯರಿಗೆ ಒಂದೇ ಕೋರಿಕೆ: ಸಿನಿಕರಾಗಬೇಡಿ. ಬದುಕಿನಲ್ಲಿ ಅಂದುಕೊಂಡಿದ್ದು ಯಾರಿಗೂ ಹಾಗೇ ಸಿಗಲ್ಲ, ಆದರೆ ಕಷ್ಟಪಟ್ಟು ಕೆಲಸ ಮಾಡಿದರೆ, ಇನ್ನೊಬ್ಬರ ಜೊತೆ ಒಳ್ಳೆಯವರಾಗಿದ್ದರೆ ಆಶ್ಚರ್ಯದ ಸಂಗತಿಗಳು ಆಗುತ್ತವೆ ಅಂದರು. ಧ್ವನಿ ನಡುಗುತ್ತಿತ್ತು. ಆಗ ನಾನು ವೀಸಾ ಚಿಂತೆಯಲ್ಲಿದ್ದೆ, ಕೆಲಸ ಹೋಗುತ್ತೋ ಉಳಿಯುತ್ತೋ ಅನ್ನೋ ಕಾಲ, 2008ರ ಹೊಡೆತ ಇನ್ನೂ ಮುಗಿದಿರಲಿಲ್ಲ. ನನಗೆ ಆ ಮಾತು ತಟ್ಟಿತು. ನನ್ನಂಥ ತುಂಬಾ ಜನಕ್ಕೆ ತಟ್ಟಿತು, ಅದಕ್ಕೇ ಜನ 'ನಾನು ಕೋಕೋ ಪರ' (ಕೋಕೋ ಅಂದರೆ ಕೋನನ್ ಅಡ್ಡಹೆಸರು) ಅನ್ನೋ ಕಿತ್ತಳೆ ಕೂದಲಿನ ಪೋಸ್ಟರ್ ಹಿಡಿದು ಮಳೆಯಲ್ಲಿ ಬಂದು ನಿಂತಿದ್ದು.

ಧಾರವಾಡ_ಫೇಡೆ

ಓದಿ ಖುಷಿಯಾಯ್ತು ರೀ. ನನಗ ಸುದೀಪ್ ಸರ್ ನೆನಪಾದರು. 2024ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಕನ್ನಡ ನನಗೆ ಇದೇ ಕೊನೆಯ ಸೀಸನ್ ಅಂತ ಎಕ್ಸ್‌ನಲ್ಲಿ ಬರೆದಾಗ ಇಲ್ಲೂ ಹಿಂಗೇ ಆಗಿತ್ತಲ್ಲ, ಚಾನೆಲ್ ಜೊತೆ ಜಗಳ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು.

ಎಡಿಟ್_ರೂಮ್

ಅದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ ಸರ್. ಅಲ್ಲಿ ನಿರೂಪಕರೇ ನಿರ್ಧಾರ ಹೇಳಿದರು, ಹನ್ನೊಂದನೇ ಸೀಸನ್ ಪೂರ್ತಿ ಮಾಡಿದರು, 2025ರ ಸೀಸನ್ 12ಕ್ಕೆ ವಾಪಸ್ ಬಂದರು. ಅವರ ಕುರ್ಚಿಯನ್ನು ಚಾನೆಲ್ ಇನ್ನೊಬ್ಬರಿಗೆ ಮಾತು ಕೊಟ್ಟಿರಲಿಲ್ಲ. ಕೋನನ್ ಕಥೆಯಲ್ಲಿ ನನಗೆ ಸಿಟ್ಟು ಬರೋದು ಕೋನನ್ ಮೇಲೂ ಅಲ್ಲ, ಲೆನೋ ಮೇಲೂ ಅಲ್ಲ. ಲೆನೋ ತಮ್ಮ ಶೋನಲ್ಲೇ ಕೋನನ್ ಅನ್ನು ದೂರಬೇಡಿ ಅಂದರು, ಅದನ್ನೂ ಒಪ್ಪಬೇಕು. ಸಿಟ್ಟು ಬರೋದು ಮೇಲೆ ಕೂತವರ ಮೇಲೆ. ಯಾರನ್ನೂ ಬಿಡಬಾರದು, ಯಾರಿಗೂ ಇಲ್ಲ ಅನ್ನಬಾರದು, ಇಬ್ಬರಿಗೂ ಹೂಂ ಅಂದು ಐದು ವರ್ಷ ಮುಂದೂಡಿಬಿಡೋಣ ಅಂತ 2004ರಲ್ಲಿ ಎನ್‌ಬಿಸಿ ನಡೆಸುತ್ತಿದ್ದವರು ಜೆಫ್ ಝಕರ್. 2010ರಲ್ಲಿ ಅದರ ಗಂಟು ಬಿಚ್ಚಬೇಕಾದಾಗ ಎನ್‌ಬಿಸಿ ಯೂನಿವರ್ಸಲ್‌ನ ಮುಖ್ಯಸ್ಥರೂ ಅವರೇ. ಗಲಾಟೆ ಆದ ವರ್ಷವೂ ಅವರು ಕುರ್ಚಿಯಲ್ಲೇ ಇದ್ದರು, ಕಾಮ್‌ಕಾಸ್ಟ್ ಕಂಪನಿ ಕೊಂಡುಕೊಂಡಾಗ 2011ರ ಜನವರಿಯಲ್ಲಿ ಹೊರಗೆ ಬಂದರು. ಜನ ಮಾತ್ರ ಇಂದಿಗೂ ಕೋನನ್ನಾ ಲೆನೋನಾ ಅಂತ ಕಿತ್ತಾಡ್ತಾರೆ.

ಕೋಲ್ಬೇರ್ ವಿಷಯವನ್ನೂ ಇದರ ಜೊತೆ ಕಲಸಬೇಡಿ. ಇಲ್ಲಿ ಕುರ್ಚಿಗೆ ಇಬ್ಬರು ಇದ್ದರು. ಅಲ್ಲಿ ಸಿಬಿಎಸ್ ಕುರ್ಚಿಯನ್ನೇ ತೆಗೆಯುತ್ತೇವೆ ಅಂತು, 2026ರ ಮೇಗೆ ಮುಗಿಯುತ್ತೆ, ಅವರ ಜಾಗಕ್ಕೆ ಯಾರೂ ಬರಲ್ಲ ಅಂತ. ಕಾರಣ ಬರೀ ಹಣಕಾಸು ಅಂದರು. ಟ್ರಂಪ್ ಜೊತೆ ಸಿಬಿಎಸ್‌ನ ಮಾಲೀಕ ಕಂಪನಿ ಪ್ಯಾರಾಮೌಂಟ್ ಮಾಡಿಕೊಂಡ 16 ಮಿಲಿಯನ್ ಡಾಲರ್ ರಾಜಿಯನ್ನು ಕೋಲ್ಬೇರ್ ಲಂಚ ಅಂತ ಕರೆದು ಮೂರೇ ದಿನ ಆಗಿತ್ತು ಅನ್ನೋದೂ ಎಲ್ಲರಿಗೂ ಗೊತ್ತು.

ಮಂಡ್ಯ_ಟು_ಶಿಕಾಗೋ

ಝಕರ್ ಬಗ್ಗೆ ಪೂರ್ತಿ ಒಪ್ಪುತ್ತೇನೆ. ಆದರೆ ಒಂದು ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಕೋನನ್ ಒಪ್ಪಂದದ ಪ್ರಕಾರ 2010ರ ಸೆಪ್ಟೆಂಬರ್‌ವರೆಗೆ ಟಿವಿಗೆ ಬರುವ ಹಾಗಿರಲಿಲ್ಲ. ಏಪ್ರಿಲ್‌ನಲ್ಲಿ ಊರೂರಿಗೆ ಹೋಗಿ ವೇದಿಕೆ ಮೇಲೆ ಶೋ ಮಾಡಲು ಶುರು ಮಾಡಿದರು. ಅದೇ ದಿನ ಟಿಬಿಎಸ್ ಕೇಬಲ್ ಚಾನೆಲ್‌ಗೆ ಸೇರುತ್ತೇನೆ ಅಂತ ಘೋಷಣೆ ಬಂತು. ಟಿಬಿಎಸ್‌ನಲ್ಲಿ ರಾತ್ರಿ 11ಕ್ಕೆ ಆಗಲೇ ಒಂದು ಟಾಕ್ ಶೋ ಇತ್ತು, ಜಾರ್ಜ್ ಲೋಪೆಜ್ ಅವರದ್ದು. ಕೋನನ್‌ಗೆ 11 ಗಂಟೆ ಕೊಟ್ಟರು. ಲೋಪೆಜ್ ಶೋವನ್ನು 12ಕ್ಕೆ ತಳ್ಳಿದರು. ಪೂರ್ತಿ ಒಂದು ಗಂಟೆ. ಅರ್ಧ ಗಂಟೆ ತಳ್ಳಿದ್ದಕ್ಕೆ ಟುನೈಟ್ ಶೋ ಹಾಳಾಗುತ್ತೆ ಅಂದವರು ಇದನ್ನು ಹೇಗೆ ಒಪ್ಪಿದರು?

ಬಾಸ್ಟನ್_ಕನ್ನಡತಿ

ನೀವು ಇದನ್ನು ತರ್ತೀರಿ ಅಂತ ಗೊತ್ತಿತ್ತು. ಕೋನನ್‌ಗೂ ಅದೇ ಅಳುಕು ಇತ್ತು, ತನಗೆ ಆಗಿದ್ದನ್ನೇ ಇನ್ನೊಬ್ಬರಿಗೆ ಮಾಡೋದಾ ಅಂತ. ಲೋಪೆಜ್ ತಾವೇ ಫೋನ್ ಮಾಡಿ ಬನ್ನಿ ಅಂದರು. ನನ್ನ ಮುಂದೆ ಕೋನನ್ ಇರೋದಕ್ಕಿಂತ ಒಳ್ಳೇದು ಏನಿದೆ ಅಂತ ಹೇಳಿಕೆಯನ್ನೂ ಕೊಟ್ಟರು. ಅಲ್ಲಿ ಮೊದಲು ಕೇಳಿದರು, ಅವರು ಹೂಂ ಅಂದ ಮೇಲೆ ಬದಲಿಸಿದರು. ಎನ್‌ಬಿಸಿ ಕೋನನ್ ಅನ್ನು ಕೇಳಲಿಲ್ಲ, ಮೇಲೆ ಕೂತು ಪ್ಲಾನ್ ಮಾಡಿ ಮುಂದೆ ಇಟ್ಟರು, ಅದೂ ಸುದ್ದಿ ಹೊರಗೆ ಸೋರಿ ಹೋಗಿ ಊರೆಲ್ಲ ಮಾತಾಡುವ ಹಾಗಾಯಿತು. ಎರಡೂ ಒಂದೇ ಅಲ್ಲ.

ಆಮೇಲಿನದ್ದೂ ನೋಡಿ. ಲೆನೋ 2010ರ ಮಾರ್ಚ್ 1ಕ್ಕೆ ಟುನೈಟ್ ಶೋಗೆ ವಾಪಸ್ ಬಂದರು, ನಾಲ್ಕು ವರ್ಷ ಮಾಡಿದರು, 2014ರಲ್ಲಿ ಫ್ಯಾಲನ್‌ಗೆ ಬಿಟ್ಟುಕೊಟ್ಟರು. ಕೋನನ್ ಟಿಬಿಎಸ್‌ನಲ್ಲಿ 2021ರ ಜೂನ್‌ವರೆಗೆ ಇದ್ದರು, ನಡುವೆ 2018ರಲ್ಲಿ ಪಾಡ್‌ಕಾಸ್ಟ್ ಶುರು, 2025ರಲ್ಲಿ ಆಸ್ಕರ್ ನಿರೂಪಣೆ. ತುಮಕೂರಿನಲ್ಲಿ ಕೂತ ನೀವು ಅವರನ್ನು ನೋಡುತ್ತಿರೋದೇ ಆಮೇಲಿನ ವಿಡಿಯೋ, ಪಾಡ್‌ಕಾಸ್ಟ್‌ಗಳಿಂದ, ಟುನೈಟ್ ಶೋದಿಂದ ಅಲ್ಲ.

ಮಂಡ್ಯ_ಟು_ಶಿಕಾಗೋ

ಲೋಪೆಜ್ ಹೂಂ ಅಂದಿದ್ದು ನಿಜ ಮೇಡಂ. ಆದರೆ ಚಾನೆಲ್‌ಗೆ ದೊಡ್ಡ ಹೆಸರು ಬೇಕಾಗಿರುವಾಗ, ಸಣ್ಣ ಹೆಸರಿನವರು ಬೇಡ ಅನ್ನೋಕೆ ಆಗುತ್ತಾ? ಅವರ ಶೋ 12ಕ್ಕೆ ಹೋದ ಮೇಲೆ ಒಂದು ವರ್ಷ ಕೂಡ ಉಳಿಯಲಿಲ್ಲ. 2010ರ ನವೆಂಬರ್‌ನಲ್ಲಿ ತಳ್ಳಿದರು, 2011ರ ಆಗಸ್ಟ್‌ನಲ್ಲಿ ಮುಚ್ಚಿದರು. ಅವರಿಗಾಗಿ ಯಾರೂ ಮಳೆಯಲ್ಲಿ ನಿಲ್ಲಲಿಲ್ಲ.

ಎಡಿಟ್_ರೂಮ್

ಲೋಪೆಜ್ ಶೋ ಮುಚ್ಚಿದ್ದು ಗೊತ್ತಿತ್ತು, ಇದರ ಜೊತೆ ಸೇರಿಸಿ ಯೋಚನೆ ಮಾಡಿರಲಿಲ್ಲ. ಶಿಕಾಗೋ ಅಣ್ಣ, ಆ ಶೋನ ಸಿಬ್ಬಂದಿಗೆ ಏನಾದರೂ ಪರಿಹಾರ ಕೊಟ್ಟರಾ? ಆಗಿನ ಸುದ್ದಿ ಏನಾದರೂ ನಿಮ್ಮ ಹತ್ತಿರ ಇದ್ದರೆ ಇಲ್ಲಿ ಹಾಕಿ.